ನಲವತ್ತೊಂದನೇ ತಪ್ಪು

ಅಸಾಬಾ ಊರಿನ ಗಡಿಯಾರ ರಿಪೇರಿಯ ಒಕೋಂಜಿಯ ಕಣ್ಣು ಎಷ್ಟು ಚುರುಕೆಂದರೆ, ನೈಜರ್ ನದಿಯ ಆಚೆ ದಡದ ಒನಿತ್ಶಾ ಸಂತೆಯಲ್ಲಿ ಯಾರಾದರೂ ಕಣ್ಣು ಹೊಡೆದರೆ, ಈಚೆ ದಡದಲ್ಲಿ ಕೂತುಕೊಂಡೇ ಅದು ಎಡಗಣ್ಣೋ ಬಲಗಣ್ಣೋ ಎಂದು ಹೇಳಿಬಿಡುತ್ತಿದ್ದ. ಇದನ್ನು ನಂಬದವರು ಊರಲ್ಲಿ ಇಬ್ಬರೇ ಇದ್ದರು. ಒಬ್ಬರು ಕಣ್ಣಿಗೆ ಕಾಣದ್ದನ್ನು ಮಾತ್ರ ನಂಬುವ ಪಾದ್ರಿ. ಇನ್ನೊಬ್ಬಳು, ವಿಡಿಯೋ ಮನೆಯ ಬಾಗಿಲಲ್ಲಿ ಹಣ್ಣು ಮಾರುವ ಮಾಮಾ ಎಬೆಲೆ.

ಹದಿನಾರನೇ ವಯಸ್ಸಿಗೆ ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಒಕೋಂಜಿ ಸ್ನಾನಕ್ಕೂ ತೆಗೆಯುತ್ತಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಇರುವೆಯ ಮೊಣಕಾಲಿನಷ್ಟು ಸಣ್ಣ ತಿರುಪನ್ನು ಬರಿಗೈಯಲ್ಲಿ ಕೂರಿಸಿದ ಮನುಷ್ಯ. ಅಂಥ ಕಣ್ಣನ್ನು ಬರೀ ಗಡಿಯಾರದ ಹೊಟ್ಟೆಯೊಳಗೆ ಸವೆಸಿದ್ದರೆ ದೇಶಕ್ಕೇ ನಷ್ಟವಾಗುತ್ತಿತ್ತು. ಆಗದಂತೆ ಕಾಪಾಡಿದ್ದು ಸಿನಿಮಾ.

ಆ ದಿನಗಳಲ್ಲಿ ಅಸಾಬಾದ ಸುತ್ತಮುತ್ತ ಯಾವ ಪೊದೆಯನ್ನು ಅಲುಗಿಸಿದರೂ ಒಬ್ಬ ರಾಜ, ಇಬ್ಬರು ಮಾಂತ್ರಿಕರು, ಒಬ್ಬಳು ಹಾವಾಗಬಲ್ಲ ಸೊಸೆ ಹೊರಗೆ ಬೀಳುತ್ತಿದ್ದರು. ಮಾಯಾಮಂತ್ರದ ಸಿನಿಮಾ ತೆಗೆಯುವವರು ಸೋಮವಾರ ಬಂದು ಮುಂದಿನ ಸೋಮವಾರ ಮೂರು ಭಾಗದ ಚಿತ್ರ ಮುಗಿಸಿಕೊಂಡು ಹೋಗುತ್ತಿದ್ದರು. ಅಷ್ಟು ಅವಸರದಲ್ಲಿ ತಪ್ಪಾಗದೆ ಇರುತ್ತದೆಯೇ? ರಾಜನ ಟೋಪಿಯ ಗರುಡನ ಗರಿ ಬಾಗಿಲಲ್ಲಿ ಒಂದಿದ್ದದ್ದು ಸಿಂಹಾಸನದ ಹತ್ತಿರ ಎರಡಾಗುತ್ತಿತ್ತು. ಸತ್ತು ಬಿದ್ದ ಸೇನಾಪತಿ ಸೊಳ್ಳೆ ಹೊಡೆದುಕೊಳ್ಳುತ್ತಿದ್ದ. ಮಾಂತ್ರಿಕನ ಬುರುಡೆ ಎಡಗೈಯಿಂದ ಬಲಗೈಗೆ ಯಾವ ಮಂತ್ರವೂ ಇಲ್ಲದೆ ಹಾರುತ್ತಿತ್ತು. ಜನ ಇದನ್ನೆಲ್ಲ ನೋಡಿಯೂ ನೋಡದ ಹಾಗೆ ಕಡಲೆಕಾಯಿ ತಿನ್ನುತ್ತಿದ್ದರು, ಒಕೋಂಜಿ ಬರುವ ತನಕ.

ಅವನ ಮೊದಲ ಬೇಟೆ ಇವತ್ತಿಗೂ ಊರಿನ ಬಾಯಲ್ಲಿದೆ. ಸಾವಿರ ವರ್ಷದ ಹಿಂದಿನ ರಾಜನೊಬ್ಬ ಕೈ ಎತ್ತಿ ಶಾಪ ಕೊಡುವಾಗ ತೋಳಿನ ಮಣಿಸರದ ಕೆಳಗೆ ಕೈಗಡಿಯಾರ ಮಿಂಚಿತು. ವಿಡಿಯೋ ಮನೆಯಲ್ಲಿ ಒಂದಿಬ್ಬರು ನಕ್ಕರು. ಒಕೋಂಜಿ ನಗಲಿಲ್ಲ. ಎದ್ದು ನಿಂತು, ಆ ಗಡಿಯಾರ ಆರು ನಿಮಿಷ ಹಿಂದಿದೆ, ಅದರ ಪಟ್ಟಿ ಹಾಕಿದವನು ನಾನೇ, ಮುಂದಿನ ವಾರ ತರಲು ಹೇಳಿದ್ದೆ, ಆಸಾಮಿ ಬರಲೇ ಇಲ್ಲ ಎಂದ. ಅವತ್ತಿನಿಂದ ‘ದೇವರ ಸಮಯ’ ಎಂಬ ಆ ವಿಡಿಯೋ ಮನೆಯಲ್ಲಿ ಮುಂದಿನ ಬೆಂಚಿನ ಬಲತುದಿ ಅವನಿಗೇ ಮೀಸಲಾಯಿತು. ಅವನು ಕೈ ಎತ್ತಿದರೆ ಯಜಮಾನ ಚಿತ್ರ ನಿಲ್ಲಿಸಬೇಕು, ಹಿಂದಕ್ಕೆ ಓಡಿಸಬೇಕು, ಒಕೋಂಜಿ ಎದ್ದು ಬೆರಳಿಟ್ಟು ತೋರಿಸಬೇಕು. ಎಷ್ಟೋ ಜನ ಕಥೆ ನೋಡಲು ಬರುವುದನ್ನೇ ಬಿಟ್ಟರು. ತಪ್ಪು ನೋಡಲು ಬಂದರು.

ಎಲ್ಲ ಚಿತ್ರಗಳ ತಪ್ಪು ಒಂದು ತೂಕವಾದರೆ ‘ಕನ್ನಡಿ ನುಂಗಿದ ರಾಣಿ’ಯ ತಪ್ಪೇ ಒಂದು ತೂಕ. ಒಂಬತ್ತು ವರ್ಷದ ಹಿಂದೆ ಪಕ್ಕದ ಹಳ್ಳಿಯಲ್ಲೇ ತೆಗೆದ ಚಿತ್ರ. ಒಬ್ಬ ರಾಣಿ ನದಿದೇವಿಯ ಕನ್ನಡಿಯನ್ನು ನುಂಗಿಬಿಡುತ್ತಾಳೆ, ಅವಳ ಮುಂದೆ ನಿಂತವರಿಗೆಲ್ಲ ತಮ್ಮ ಸಾವು ಕಾಣುತ್ತದೆ. ಅದು ಎಷ್ಟು ಓಡಿತೆಂದರೆ, ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನರಿಗೆ ರಾಣಿಯ ಹೆಸರು. ಆ ಸೊಳ್ಳೆ, ಆ ಗರಿ ಸೇರಿ ಅದರಲ್ಲಿ ನಲವತ್ತು ತಪ್ಪು ಎಂದು ಒಕೋಂಜಿ ಲೆಕ್ಕ ಕಟ್ಟಿದ್ದ. ಚರ್ಚಿನಲ್ಲಿ ಜಪಮಣಿ ಎಣಿಸುವವರ ಹಾಗೆ ಉಸಿರು ಬಿಡದೆ ಒಪ್ಪಿಸುತ್ತಿದ್ದ. ಅವನಿಗೆ ಬಹಳ ಪ್ರೀತಿಯಾದದ್ದು ಹದಿನೇಳನೆಯದು: ಹಿರಿಯ ಮಂತ್ರಿ ಅತಿಥಿಗಾಗಿ ಕೋಲಾ ಬೀಜ ಒಡೆದಾಗ ನಾಲ್ಕು ಹೋಳು, ತಟ್ಟೆ ಅತಿಥಿಯ ಮುಂದೆ ಬಂದಾಗ ಐದು. ನಾಲ್ಕೆಂದರೆ ಶಾಂತಿ, ಐದೆಂದರೆ ಮಕ್ಕಳುಮರಿ. ರಾಜ ಅಲ್ಲಿ ಕೂತಿದ್ದು ಯುದ್ಧ ತಪ್ಪಿಸುವುದಕ್ಕೆ, ಸೋಬಾನೆ ಹಾಡಿಸಿಕೊಳ್ಳುವುದಕ್ಕಲ್ಲವಲ್ಲ ಎಂದು ಒಕೋಂಜಿ ಕೇಳುವಾಗ ಬೆಂಚುಗಳು ಮುರಿಯುವಷ್ಟು ನಗೆ.

ಊರಿಗೆ ತಿಳಿದದ್ದು ನಲವತ್ತು. ಒಕೋಂಜಿಗೆ ತಿಳಿದದ್ದು ನಲವತ್ತೊಂದು.

ಎರಡನೇ ಭಾಗದಲ್ಲಿ ಹೊಸ ಯಾಮ್ ಗೆಡ್ಡೆಯ ಹಬ್ಬದ ದಿನ ರಾಣಿ ಸಂತೆಯ ಮೇಲೆ ಹಾದು ಹೋಗುತ್ತಾಳೆ. ಮೊದಲು ದೂರದಿಂದ ಒಂದು ನೋಟ: ಡೋಲು, ಧೂಳು, ರಾಣಿಯ ದೊಡ್ಡ ಛತ್ರಿ, ಛತ್ರಿಯ ಹಿಂದೆ ಮುಖ ಮರೆಯಾದ ಒಬ್ಬ ಹೆಂಗಸು, ಅವಳ ತಲೆಯ ಮೇಲೆ ಬಿಳಿ ಬೋಗುಣಿ, ಬೋಗುಣಿ ತುಂಬ ಕಿತ್ತಳೆ ಬಣ್ಣದ ಉಡಾರಾ ಹಣ್ಣು. ಎಣಿಸಿದರೆ ಹನ್ನೊಂದು. ಆಮೇಲೆ ಹತ್ತಿರದಿಂದ ಇನ್ನೊಂದು ನೋಟ: ಛತ್ರಿ ಮುಂದೆ ಹೋಗಿದೆ, ಹೆಂಗಸು ಬೋಗುಣಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿದ್ದಾಳೆ, ಈ ಕಡೆ ತಿರುಗಿ ನಗುತ್ತಾಳೆ. ನಾಲ್ಕು ಸೆಕೆಂಡು. ಬೋಗುಣಿಯಲ್ಲಿ ಏಳೇ ಹಣ್ಣು.

ಆ ಹೆಂಗಸು ಇಸಿಯೋಮಾ, ಒಕೋಂಜಿಯ ಹೆಂಡತಿ. ಆ ನಾಲ್ಕು ಹಣ್ಣು ತಿಂದವನು ಒಕೋಂಜಿ.

ಅವತ್ತು ಊರಿನ ಹೆಂಗಸರನ್ನೆಲ್ಲ ಸಂತೆಯ ಜನವಾಗಿ ನಿಲ್ಲಲು ಕರೆಸಿದ್ದರು. ಬಿಸಿಲಲ್ಲಿ ಹೆಂಡತಿಗೆ ತಲೆ ಸುತ್ತೀತು ಎಂಬ ನೆವ ಹೇಳಿಕೊಂಡು ಒಕೋಂಜಿ ಅಂಗಡಿ ಮುಚ್ಚಿ ಹೋಗಿದ್ದ. ನಿಜವಾಗಿ ಹೋಗಿದ್ದು ಹಸಿವಿಗೆ, ಬೆಳಗಿನ ಗಂಜಿ ಸೀದುಹೋಗಿತ್ತು. ಎರಡು ನೋಟಗಳ ನಡುವೆ ಕ್ಯಾಮೆರಾದ ಬ್ಯಾಟರಿ ಮುಗಿದು ಎಲ್ಲರೂ ಮಾವಿನ ಮರದ ಕೆಳಗೆ ಕೂತಾಗ ಇಸಿಯೋಮಾ ಬೋಗುಣಿಯಿಂದ ನಾಲ್ಕು ಹಣ್ಣು ತೆಗೆದು ಅವನ ಮಡಿಲಿಗೆ ಹಾಕಿದಳು.

“ಬೇಗ ತಿನ್ನು, ಗಡಿಯಾರದವ್ನೇ. ರಾಣಿ ಸಂತೆಯ ಹಣ್ಣು ಇದು. ಸಿಕ್ಕಿಬಿದ್ರೆ ನಿನ್ನ ತಲೆ ಹಾರಿಸ್ತಾರೆ, ಆಮೇಲೆ ಆ ಭೂತಗನ್ನಡಿ ನಾನೆಲ್ಲಿ ಸಿಕ್ಕಿಸ್ಲಿ?”

ಉಡಾರಾ ಹಣ್ಣಿನ ಹಾಲು ಎಂಥ ಅಂಟು ಎಂದರೆ, ಬಡಗಿಗಳು ಅದರಲ್ಲೇ ಬಾಗಿಲು ಕೂರಿಸಬಹುದು. ನಾಲ್ಕೂ ಹಣ್ಣು ಒಟ್ಟಿಗೆ ಹೀರಿದ ಒಕೋಂಜಿಯ ತುಟಿ ತುಟಿಗೆ ಕಚ್ಚಿಕೊಂಡಿತು. ಸಿಹಿ ಇತ್ತಾ ಎಂದು ಅವಳು ಕೇಳಿದರೆ ಅವನು ಹುಂ ಹುಂ ಎನ್ನುವುದಷ್ಟೇ. ಊರಿಗೆಲ್ಲ ಮಾತಿನ ಸಂತೆ ನಡೆಸುವವನ ಬಾಯಿ ಮುಚ್ಚಿಸಲು ನಾಲ್ಕು ಹಣ್ಣು ಸಾಕಾಯಿತಲ್ಲ, ಮೊದಲೇ ಗೊತ್ತಿದ್ದರೆ ಹಿತ್ತಲಲ್ಲೇ ಒಂದು ಮರ ಹಾಕಿಸುತ್ತಿದ್ದೆ ಎಂದು ಅವಳು ನಕ್ಕಳು. ಅಷ್ಟರಲ್ಲಿ ಕೂಗು ಬಂತು, ಬೋಗುಣಿ ಎತ್ತಿಕೊಂಡು ಓಡಿದಳು. ಕ್ಯಾಮೆರಾ ತಿರುಗಿತು. ಕ್ಯಾಮೆರಾದವನ ಹಿಂದೆ ನಿಂತು ತೋಳಿನಿಂದ ಬಾಯಿ ಉಜ್ಜಿಕೊಳ್ಳುತ್ತಿದ್ದ ಗಂಡ ಅವಳ ಕಣ್ಣಿಗೆ ಬಿದ್ದ. ತಡೆಯಲಾರದೆ ನಕ್ಕಳು. ಅದೇ ಆ ನಾಲ್ಕು ಸೆಕೆಂಡು.

ಎರಡು ವರ್ಷದ ಮೇಲೆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೂರು ದಿನ. ಅಷ್ಟೆ.

ಒಕೋಂಜಿಯ ಮನೆಯಲ್ಲಿ ಅವಳ ಪಟ ಒಂದೇ ಇತ್ತು, ಮದುವೆಯದು. ಫೋಟೋದವನು ಅಲುಗಾಡಬೇಡಿ ಅಂದದ್ದಕ್ಕೆ ಇಸಿಯೋಮಾ ಉಸಿರು ಬಿಗಿಹಿಡಿದು, ಯಾರೋ ಬೇರೆಯವರ ಹಾಗೆ ನಿಂತಿದ್ದಳು. ಅವಳು ಹೋದಾಗ ಗೋಡೆಗೋಡೆಗೆ ಅಂಟಿಸಿದ ಸಾವಿನ ಪೋಸ್ಟರಿಗೂ ಅದೇ ಪಟವನ್ನು ಕತ್ತಿನ ತನಕ ಕತ್ತರಿಸಿ ಹಾಕಿದ್ದರು. ಅವಳು ಅಲುಗುವುದು, ತಿರುಗುವುದು, ನಗುವುದು ಈ ಭೂಮಿಯ ಮೇಲೆ ಉಳಿದಿದ್ದರೆ ಆ ಚಿತ್ರದ ಎರಡನೇ ಭಾಗದ ಸಂತೆಯಲ್ಲಿ ಮಾತ್ರ.

ಆದ್ದರಿಂದ ವಿಡಿಯೋ ಮನೆಯಲ್ಲಿ ಆ ಜಾಗ ಬರುತ್ತಿದ್ದಂತೆ ಒಕೋಂಜಿ ಎದ್ದು ನಿಂತು ಇಪ್ಪತ್ಮೂರನೇ ತಪ್ಪನ್ನು ಕೂಗಿ ಹೇಳುತ್ತಿದ್ದ: ನೋಡಿ, ಛತ್ರಿಯ ಕುಚ್ಚು ನೋಡಿ, ಆಗ ಕೆಂಪು ಈಗ ಹಳದಿ. ಎಲ್ಲರ ಕಣ್ಣೂ ಛತ್ರಿಯ ಹಿಂದೆ ಹೋಗುತ್ತಿತ್ತು. ಹಿಂದೆ ಉಳಿದ ಹೆಂಗಸನ್ನು ಅವನೊಬ್ಬನೇ ನೋಡುತ್ತಿದ್ದ. ತಪ್ಪು ಹಿಡಿಯುವುದರಲ್ಲಿ ಹೆಸರಾದವನು ಏಳು ವರ್ಷ ಒಂದು ತಪ್ಪನ್ನು ಹೀಗೆ ಕೋಳಿ ಮೊಟ್ಟೆ ಮುಚ್ಚಿಟ್ಟಂತೆ ಕಾದ.

ಮನೆಯಲ್ಲಿ ಅವನದೇ ಒಂದು ಸಿಡಿ ಇತ್ತು. ದಿನವೂ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಆ ನಾಲ್ಕು ಸೆಕೆಂಡು ಹಾಕುತ್ತಿದ್ದ. ಇಡೀ ಸಿಡಿ ಹೊಸದರಂತಿದ್ದು ಅಷ್ಟು ಜಾಗ ಮಾತ್ರ ಸವೆಯಿತು. ಮೊದಲು ಬೋಗುಣಿ ಚೌಕ ಚೌಕವಾಗಿ ಒಡೆಯಿತು. ಮರುವರ್ಷ ಗಲ್ಲ ಹೋಯಿತು. ಹಲ್ಲುಜ್ಜುವ ಪೇಸ್ಟು ಹಾಕಿ ಉಜ್ಜಿದ, ಬಾಳೆಸಿಪ್ಪೆ ಸವರಿದ, ಗಡಿಯಾರಕ್ಕೆ ಬಿಡುವ ಎಣ್ಣೆ ಬಿಟ್ಟ. ಆನೆಯ ಗಾತ್ರದ ಗೋಪುರ ಗಡಿಯಾರವನ್ನು ಎರಡು ಪಿನ್ನಿನಲ್ಲಿ ಸರಿಮಾಡಿದ ಕೈಗೆ ಅದೊಂದು ಸರಿಹೋಗಲಿಲ್ಲ. ಊರಿನವರ ಸಿಡಿಗಳನ್ನೂ ವಿಡಿಯೋ ಮನೆಯದನ್ನೂ ಎರವಲು ತಂದು ನೋಡಿದರೆ ಅವೆಲ್ಲ ನಕಲಿನ ನಕಲು, ಹಣ್ಣು ಎಣಿಸಬಹುದಿತ್ತು, ಮುಖದ ಜಾಗದಲ್ಲಿ ಬರೀ ಮಂಜು. ಈ ವರ್ಷದ ಹೊತ್ತಿಗೆ ಅವನ ಸಿಡಿಯಲ್ಲಿ ಉಳಿದಿದ್ದು ಅವಳ ಎಡಗಣ್ಣು, ಮತ್ತು ನಗುವಿನ ಒಂದು ತುದಿ.

ಹೀಗಿರುವಾಗ ಚಿತ್ರದ ನಿರ್ದೇಶಕ ಇಝುನ್ನಾ ಊರಿಗೆ ಬಂದ.

ಶನಿವಾರ ಮಧ್ಯಾಹ್ನ ‘ದೇವರ ಸಮಯ’ದಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಯಲ್ಲಿ ನೇತಾಡಿದವರನ್ನು ಸೇರಿಸಿದರೆ ಜನಗಣತಿ ಅಲ್ಲೇ ಮುಗಿಸಬಹುದಿತ್ತು. ಇಝುನ್ನಾ ಬಿಳಿ ನಿಲುವಂಗಿಯ ಮನುಷ್ಯ, ಈಗ ದೊಡ್ಡ ಹೆಸರು. ‘ಕನ್ನಡಿ ನುಂಗಿದ ರಾಣಿ’ಯನ್ನು ಹೊಸದಾಗಿ ತೊಳೆದು ಬಳಿದು ದೊಡ್ಡ ಪರದೆಗೆ ತರುತ್ತಿದ್ದೇನೆ, ಜೊತೆಗೆ ಹೊಸ ಸಿಡಿ, ಮನೆಯಲ್ಲಿರುವ ಹಳೆಯದನ್ನು ಕೊಟ್ಟವರಿಗೆ ಹೊಸದು ಎಂದ. ಆದರೆ ಹಳೆಯ ತಪ್ಪುಗಳನ್ನಿಟ್ಟುಕೊಂಡು ದೊಡ್ಡ ಪರದೆಗೆ ಹೋದರೆ ಮಾನ ಹೋಗುತ್ತದೆ, ಈ ಊರಲ್ಲೊಬ್ಬ ಗಡಿಯಾರದವನು ಇದ್ದಾನಂತೆ, ಅವನ ಕಣ್ಣು ನನಗೆ ಸಾಲ ಬೇಕು ಎಂದ. ಕೆಂಪು ಪೆನ್ನು ತೆಗೆದು ಕೂತ.

ಒಕೋಂಜಿ ಕೇಳಿದ್ದು ಒಂದೇ ಪ್ರಶ್ನೆ. ಮೂಲ ಟೇಪು ಇನ್ನೂ ಇದೆಯೇ?

“ಒಂದೇ ಒಂದು ಇದೆ. ಹೊಸ ಸಿಡಿ ಅದರಿಂದಲೇ. ಸೊಳ್ಳೆಯ ಮೀಸೆ ಬೇಕಾದ್ರೂ ಎಣಿಸ್ಬಹುದು, ಹಂಗಿರುತ್ತೆ. ಮೊದಲ ಸಿಡಿ ನಿಮ್ಗೇ, ಮಾತು ಕೊಟ್ಟೆ.”

ಒಕೋಂಜಿಯ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಕಿಸೆಯಲ್ಲಿದ್ದ ಮೂರು ಗಿರಾಕಿಗಳ ಗಡಿಯಾರ ನಿಂತುಹೋದವು. ಗಲ್ಲ ಬರುತ್ತದೆ. ಬಲಗಣ್ಣು ಬರುತ್ತದೆ. ಮೇಲ್ತುಟಿಯ ಪಕ್ಕದ ಸಣ್ಣ ಮಚ್ಚೆ, ಅದನ್ನು ಮರೆತೇಬಿಟ್ಟಿದ್ದನೇನೋ ಎಂದು ಹೆದರುತ್ತಿದ್ದ ಮಚ್ಚೆ, ಅದೂ ಬರುತ್ತದೆ.

ಅವತ್ತು ಅವನು ತಪ್ಪುಗಳನ್ನು ಒಪ್ಪಿಸಿದ ರೀತಿ ಹಿಂದೆ ಯಾರೂ ಕಂಡಿರಲಿಲ್ಲ. ಒಂದರಿಂದ ನಲವತ್ತರವರೆಗೆ ಒಂದೇ ಉಸಿರು. ಇಝುನ್ನಾನ ಪೆನ್ನು ಎರಡು ಸಲ ಬಿಸಿಯಾಗಿ ನಿಂತಿತು. ಕೊನೆಯ ತಪ್ಪು ಮುಗಿದಾಗ ಎದ್ದ ಚಪ್ಪಾಳೆಗೆ ತಗಡಿನ ಮಾಡಿನ ಮೇಲಿದ್ದ ಹಲ್ಲಿಗಳೆಲ್ಲ ಕೆಳಗೆ ಬಿದ್ದವು. ಅಲ್ಲಿಗೆ ಬಾಯಿ ಮುಚ್ಚಿ ಕೂತಿದ್ದರೆ ಆಗುತ್ತಿತ್ತು.

ಬಾಗಿಲಿಂದ ಮಾಮಾ ಎಬೆಲೆ ಕೆಮ್ಮಿದಳು. ಅವಳು ಒನಿತ್ಶಾದಿಂದ ಈ ಊರಿಗೆ ಬಂದು ಐದೇ ವರ್ಷ. ಇಸಿಯೋಮಾಳನ್ನು ನೋಡಿದವಳಲ್ಲ.

“ಮುಗೀತಾ? ಏನಪ್ಪಾ, ಸೊಳ್ಳೆ ಕಂಡ ಕಣ್ಣಿಗೆ ಬೋಗುಣಿ ಕಾಣ್ಲಿಲ್ವಾ?”

ಎಲ್ಲರೂ ತಿರುಗಿದರು. ಮಾಮಾ ಎಬೆಲೆ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬಂದಳು. ಮೂವತ್ತು ವರ್ಷದಿಂದ ಹಣ್ಣು ಮಾರುತ್ತಿದ್ದೇನೆ, ನನಗೆ ಭೂತಗನ್ನಡಿ ಬೇಡ ಎಂದಳು. ಹೊಸ ಗೆಡ್ಡೆಯ ಹಬ್ಬ ಯಾವಾಗ? ಮಳೆಯಲ್ಲಿ. ಉಡಾರಾ ಹಣ್ಣು ಯಾವಾಗ? ಮಳೆ ಮುಗಿದು ತಿಂಗಳುಗಟ್ಟಲೆ ಆದಮೇಲೆ, ಒಣಗಾಳಿ ಬೀಸಿ ತುಟಿ ಒಡೆಯುವಾಗ. ಹಬ್ಬದ ದಿನ ಸಂತೆಯಲ್ಲಿ ಬೋಗುಣಿ ತುಂಬ ಉಡಾರಾ ಇಟ್ಟುಕೊಂಡು ಆ ಹೆಂಗಸು ಎಲ್ಲಿಂದ ಬಂದಳು, ಸ್ವರ್ಗದಿಂದಲೇ? ಇಷ್ಟು ದಿನ ಊರಿಗೆಲ್ಲ ಕಣ್ಣು ಎಂದು ಮೆರೆದವನು ಮರದ ಗಾತ್ರದ ತಪ್ಪನ್ನು ಬಿಟ್ಟಿದ್ದಾನೆ. ಎಷ್ಟೆಂದರೂ ಗಂಡಸು, ಮಾರ್ಕೆಟ್ಟಿಗೆ ಹೋಗಿ ಗೊತ್ತಿದ್ದರೆ ತಾನೇ. ಬಹುಶಃ ಅಡುಗೆ ಮಾಡಿ ಹಾಕುವ ಹೆಂಗಸೂ ಮನೆಯಲ್ಲಿಲ್ಲ.

ನಗೆ ಎದ್ದಿತು. ಹಳಬರು ಒಂದಿಬ್ಬರು ನಗಲಿಲ್ಲ, ನೆಲ ನೋಡಿದರು. ಆದರೆ ಒಕೋಂಜಿಯ ಕಿವಿಗೆ ಬಿದ್ದದ್ದು ನಗೆ ಮಾತ್ರ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವನು ನಗಿಸಿದ್ದ, ಅವನನ್ನು ಕಂಡು ಯಾರೂ ನಕ್ಕಿರಲಿಲ್ಲ. ಇಝುನ್ನಾ ಕೂಡ ಹಲ್ಲು ಬಿಟ್ಟಿದ್ದ. ಒಕೋಂಜಿಯ ಕಿವಿ ಕಾದ ಹೆಂಚಾಯಿತು. ನಾಲಿಗೆ ಅವನನ್ನು ಕೇಳದೆ ಹೊರಟಿತು.

“ನನಗೆ ಕಾಣ್ಲಿಲ್ಲ ಅಂದ್ಯಾ? ಕೇಳು ಮಾಮಾ ಎಬೆಲೆ. ಕಾಲ ತಪ್ಪಿದ್ದು ಅರ್ಧ ತಪ್ಪು. ಪೂರ್ತಿ ತಪ್ಪು ನಿನ್ಗೂ ಕಂಡಿಲ್ಲ. ದೂರದಿಂದ ತೋರ್ಸುವಾಗ ಬೋಗುಣೀಲಿ ಹನ್ನೊಂದು ಹಣ್ಣು. ಹತ್ತಿರ ಬಂದಾಗ ಏಳು. ಮಧ್ಯೆ ನಾಲ್ಕು ಎಲ್ಲಿ ಹೋಯ್ತು?”

ಯಜಮಾನ ಹಿಂದಕ್ಕೆ ಓಡಿಸಿ ನಿಲ್ಲಿಸಿದ. ಎಣಿಸಿದರು. ಹನ್ನೊಂದು. ಏಳು. ಆಮೇಲೆ ಮಾಡು ಹಾರಿಹೋಗುವಂಥ ಗದ್ದಲ. ಅವನನ್ನು ಹೆಗಲ ಮೇಲೆ ಎತ್ತಿದರು. ಮಾಮಾ ಎಬೆಲೆ ಸೋತೆನೆಂದು ಎರಡೂ ಕೈ ಮೇಲೆತ್ತಿ, ಒಂದು ಕಿತ್ತಳೆ ಹಣ್ಣನ್ನು ಅವನತ್ತ ಎಸೆದಳು.

ಹೆಗಲ ಮೇಲಿಂದ ಒಕೋಂಜಿ ನೋಡಿದ. ಇಝುನ್ನಾ ಹಾಳೆಯ ಕೊನೆಯಲ್ಲಿ ನಲವತ್ತೊಂದು ಎಂದು ಬರೆದು, ಸುತ್ತ ಕೆಂಪು ಗೆರೆ ಎಳೆಯುತ್ತಿದ್ದ.

ಕೆಳಗಿಳಿದ ಮೇಲೆ ಒಕೋಂಜಿ ಹತ್ತಿರ ಹೋಗಿ, ಓಗಾ, ದೊಡ್ಡ ಸಾಹೇಬ್ರೇ, ಅದನ್ನು ಏನು ಮಾಡ್ತೀರಿ ಎಂದು ಕೇಳಿದ. ಎಲ್ಲದಕ್ಕೂ ಕಂಪ್ಯೂಟರ್ ಇದೆ, ಚಿಂತೆ ಬೇಡ, ಸರಿ ಮಾಡ್ತೀವಿ ಎಂದ ಇಝುನ್ನಾ. ‘ಅವಳು ನನ್ನ ಹೆಂಡತಿ’ ಎಂಬ ಮೂರು ಮಾತು ಒಕೋಂಜಿಯ ಗಂಟಲ ತನಕ ಬಂತು. ಆದರೆ ಜನ ಸುತ್ತ ನಿಂತು ಬೆನ್ನು ತಟ್ಟುತ್ತಿದ್ದರು. ಆ ನಾಲ್ಕು ಹಣ್ಣು ತಿಂದವನು ಇವನೇ ಎಂದು ಗೊತ್ತಾದರೆ ನಗುತ್ತಾರೆ, ಅವಳ ಹೆಸರು ಹೇಳಿದರೆ ತಾನು ಅಳುತ್ತೇನೆ. ಎರಡೂ ಬೇಡವೆನಿಸಿ ನುಂಗಿಕೊಂಡ.

ಮನೆಗೆ ನಡೆಯುತ್ತ ನಡೆಯುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಂಪ್ಯೂಟರ್ ಎಂದರೆ ಸಾಮಾನ್ಯವೇ? ಹಲ್ಲಿಗೆ ಕೋಡು ಬರಿಸುತ್ತದೆ, ನದಿಗೆ ಬೆಂಕಿ ಹಚ್ಚುತ್ತದೆ. ನಾಲ್ಕು ಹಣ್ಣು ಬರೆದು ಬೋಗುಣಿಗೆ ಹಾಕುವುದು ಯಾವ ದೊಡ್ಡ ಕೆಲಸ? ಸೋಮಾರಿ ಹುಡುಗನೂ ಊಟದ ಮುಂಚೆ ಮುಗಿಸುತ್ತಾನೆ. ಇಸಿಯೋಮಾಳ ಬೋಗುಣಿ ಮತ್ತೆ ತುಂಬುತ್ತದೆ. ತಾನು ತಿಂದದ್ದನ್ನು ತಾನೇ ಹಿಂದಕ್ಕೆ ಕೊಟ್ಟ ಹಾಗಾಯಿತು. ಮೂರು ಬೀದಿ ದಾಟುವಷ್ಟರಲ್ಲಿ ಅವನಿಗೆ ಇದು ತನ್ನದೇ ಉಪಾಯ ಎನಿಸತೊಡಗಿತ್ತು.

ಅದೇ ಹುಮ್ಮಸ್ಸಿನಲ್ಲಿ ಹಳೆಯ ಸಿಡಿ ಕೂಡಿಸುವ ಕೆಲಸಕ್ಕೆ ಅವನೇ ಮುಂದಾದ. ಹೊಸದನ್ನು ಮತ್ತೆ ನಕಲು ಮಾಡದಂತೆ ಹಳೆಯವನ್ನೆಲ್ಲ ಮುರಿಯಬೇಕು ಎಂದು ಇಝುನ್ನಾ ಹೇಳಿ ಹೋಗಿದ್ದ. ಒಕೋಂಜಿ ಮನೆಮನೆಗೆ ಹೋದ. ಕೊಡಲಾರೆ ಎಂದ ಮುದುಕಿಯರಿಗೆ, ಇಷ್ಟು ತಪ್ಪಿರುವ ಸಿಡಿ ಮನೆಯಲ್ಲಿಟ್ಟರೆ ಮೊಮ್ಮಕ್ಕಳಿಗೆ ಎಣಿಸುವುದೇ ಬರುವುದಿಲ್ಲ ಎಂದು ಹೆದರಿಸಿದ. ವಿಡಿಯೋ ಮನೆಯದೂ ಸೇರಿ ಒಂದು ಗೋಣಿ ತುಂಬಿತು. ವ್ಯಾನು ಬಂದ ಬೆಳಿಗ್ಗೆ, ಉಳಿದವರಿಗೆ ಧೈರ್ಯ ಬರಲಿ ಎಂದು, ಎಲ್ಲಕ್ಕಿಂತ ಮೊದಲು ತನ್ನದನ್ನು ಹಾಕಿದ. ಹಾಕುವ ಮುಂಚೆ ಒಂದು ಸಲ ಮನೆಯಲ್ಲಿ ಓಡಿಸಿ ನೋಡಿದ್ದ. ಎಡಗಣ್ಣು ಬಂತು, ನಗುವಿನ ತುದಿ ಬರಲಿಲ್ಲ. ಇರಲಿ, ಇನ್ನೊಂದು ತಿಂಗಳು ಎಂದುಕೊಂಡ. ವ್ಯಾನಿನವನು ಗೋಣಿಯ ಮೇಲೆ ನಿಂತು ಎರಡು ಸಲ ಕುಣಿದ. ಒಳಗೆ ಪಟಪಟನೆ ಸದ್ದಾಯಿತು.

ತಿಂಗಳಾದ ಮೇಲೆ ಒಂದು ಭಾನುವಾರ, ಚರ್ಚು ಬಿಟ್ಟ ಕೂಡಲೇ, ‘ದೇವರ ಸಮಯ’ದಲ್ಲಿ ಗೋಡೆ ತುಂಬುವ ಪರದೆ ಕಟ್ಟಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದರು. ಇಝುನ್ನಾ ತಾನೇ ಮೊದಲ ಸಿಡಿ ತಂದಿದ್ದ. ಒಕೋಂಜಿ ಮದುವೆಯಲ್ಲಿ ತೊಟ್ಟಿದ್ದ ಸಿಂಹದ ತಲೆಗಳ ಅಂಗಿ ಹಾಕಿಕೊಂಡು ಬಂದಿದ್ದ. ಹೊಟ್ಟೆಯ ಹತ್ತಿರ ಎರಡು ಗುಂಡಿ ಕೂಡುತ್ತಿರಲಿಲ್ಲ. ಮಾಮಾ ಎಬೆಲೆ ಅವನ ಪಕ್ಕಕ್ಕೇ ಬಂದು ಕೂತಳು. ಯಾರ ಮದುವೆಗೆ ಹೊರಟಿದ್ದೀಯಪ್ಪಾ ಎಂದು ಕೇಳಿದಳು. ಅವನು ಗುಂಡಿಯ ಮೇಲೆ ಕೈ ಇಟ್ಟುಕೊಂಡ.

ಇಝುನ್ನಾ ಸುಳ್ಳು ಹೇಳಿರಲಿಲ್ಲ. ಸೊಳ್ಳೆಯ ಮೀಸೆ ಕಾಣುತ್ತಿತ್ತು, ಸೊಳ್ಳೆಯನ್ನು ಹೊಡೆಯುವ ಸೇನಾಪತಿ ಮಾತ್ರ ಈಗ ಸತ್ತವನ ಹಾಗೆ ಸತ್ತಿದ್ದ. ಗರಿ ಒಂದಿದ್ದದ್ದು ಒಂದೇ ಆಗಿತ್ತು. ಒಂದೊಂದು ತಪ್ಪು ಸರಿಯಾದದ್ದು ಕಂಡಾಗಲೂ ಜನ ಒಕೋಂಜಿಯ ಹೆಸರು ಕೂಗಿದರು. ಕೋಲಾ ಬೀಜ ನಾಲ್ಕು ಹೋಳು ಒಡೆಯಿತು, ನಾಲ್ಕೇ ಹೋಳು ಅತಿಥಿಯ ಮುಂದೆ ಬಂತು. ರಾಜ್ಯದಲ್ಲಿ ಮೊದಲ ಸಲ ಶಾಂತಿ ನೆಲೆಸಿತು ಎಂದು ಯಾರೋ ಅಂದರು.

ಎರಡನೇ ಭಾಗ. ಡೋಲು. ಧೂಳು. ಒಕೋಂಜಿ ಬಲಗಣ್ಣಿನ ಭೂತಗನ್ನಡಿಯನ್ನು ತೆಗೆದು ಕಿಸೆಗೆ ಹಾಕಿಕೊಂಡ. ಇಪ್ಪತ್ಮೂರನೇ ತಪ್ಪು ಹೇಳಲು ಎದ್ದು ನಿಲ್ಲಲಿಲ್ಲ; ಕುಚ್ಚು ಈಗ ಎರಡೂ ಕಡೆ ಕೆಂಪಾಗಿತ್ತು. ದೂರದಲ್ಲಿ ಛತ್ರಿ ಬಂತು. ಛತ್ರಿಯ ಹಿಂದೆ ಮುಖ ಮರೆಯಾದ ಹೆಂಗಸು ಬಂದಳು. ಅವಳ ತಲೆಯ ಮೇಲೆ ಬಿಳಿ ಬೋಗುಣಿ. ಬೋಗುಣಿಯ ತುಂಬ, ಹಬ್ಬದ ದಿನಕ್ಕೆ ಒಪ್ಪುವ ಹಾಗೆ, ಅಚ್ಚುಕಟ್ಟಾಗಿ ಜೋಡಿಸಿದ ಯಾಮ್ ಗೆಡ್ಡೆ.

ಅವನು ಉಸಿರು ಹಿಡಿದು, ತಿರುಗುವುದನ್ನು ಕಾದ.

ರಾಣಿ ಅರಮನೆಯ ಬಾಗಿಲಲ್ಲಿ ನಿಂತಿದ್ದಳು.

ಒಕೋಂಜಿ ಕೈ ಎತ್ತಿದ. ಯಜಮಾನ ಹಿಂದಕ್ಕೆ ಓಡಿಸಿದ. ಡೋಲು, ಧೂಳು, ಛತ್ರಿ, ಗೆಡ್ಡೆ, ಅರಮನೆಯ ಬಾಗಿಲು. ಮತ್ತೆ ಕೈ ಎತ್ತಿದ. ಮತ್ತೆ ಅರಮನೆಯ ಬಾಗಿಲು. ಮೂರನೇ ಸಲ ಎತ್ತಿದಾಗ ಜನ ಗುಸುಗುಸು ಆರಂಭಿಸಿದರು. ಗುರು ಹೊಸದೊಂದು ಹಿಡಿದಿದ್ದಾನೆ ಎಂದುಕೊಂಡು ಬೆಂಚಿನ ತುದಿಗೆ ಬಂದರು. ಇಝುನ್ನಾ ನಗುನಗುತ್ತ ಮುಂದಕ್ಕೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

“ಹುಡುಕ್ಬೇಡಿ, ಅದನ್ನ ಕಿತ್ತೇ ಹಾಕಿದೀನಿ. ಹಣ್ಣು ಸೇರಿಸೋಣ ಅಂತ್ಲೇ ಕೂತಿದ್ವಿ. ಆಮೇಲೆ ನೋಡ್ತೀನಿ, ನೀವೂ ಬಿಟ್ಟ ತಪ್ಪು ಒಂದು ಅಲ್ಲೇ ಇದೆ. ಆ ಹೆಂಗಸು ನೇರ ಕ್ಯಾಮೆರಾನೇ ನೋಡಿ ನಗ್ತಿದ್ಳು. ನಿಮ್ಮನ್ನೂ ಸೋಲಿಸ್ಬಿಟ್ಟೆ, ಒಪ್ಕೊಳ್ಳಿ.”

“ಅವ್ಳು ಕ್ಯಾಮೆರಾ ನೋಡ್ತಿರ್ಲಿಲ್ಲ,” ಎಂದ ಒಕೋಂಜಿ.

ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ, ಯಾರಿಗೂ ಕೇಳಿಸಲಿಲ್ಲ. ಮೂಲ ಟೇಪು ಎಲ್ಲಿದೆ ಎಂದು ಕೇಳಿದ. ಅದರ ಮೇಲೆ ಬೇರೆ ಚಿತ್ರ ತೆಗೆದಾಯಿತು, ಟೇಪು ಹಾಳು ಮಾಡುವುದೇಕೆ, ತಪ್ಪು ತುಂಬಿದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಇಝುನ್ನಾ ಹೇಳಿದ. ಆಮೇಲೆ ಜನರ ಕಡೆ ತಿರುಗಿ ಅವನ ಕೈಯನ್ನು ಮೇಲಕ್ಕೆತ್ತಿ ಹಿಡಿದ. ಗಡಿಯಾರದವರೇ, ನೀವೇ ಹೇಳಿ, ಈಗ ಇದರಲ್ಲಿ ಒಂದಾದರೂ ತಪ್ಪಿದೆಯಾ ಎಂದು ಕೇಳಿದ. ಮನೆ ಪೂರ್ತಿ ಉಸಿರು ಬಿಡದೆ ಕಾಯಿತು.

ಒಕೋಂಜಿ ಪರದೆಯನ್ನು ನೋಡಿದ. ಯಜಮಾನ ಚಿತ್ರವನ್ನು ದೂರದ ನೋಟದ ಮೇಲೆ ನಿಲ್ಲಿಸಿದ್ದ.

“ಇಲ್ಲ,” ಎಂದ. “ಒಂದೂ ಇಲ್ಲ.”

ಚಪ್ಪಾಳೆ, ಸಿಳ್ಳೆ. ಇಝುನ್ನಾನನ್ನು ಎತ್ತಿಕೊಂಡು ಜನ ಹೊರಗೆ ಹೋದರು. ಕಪ್ಪು ಬಟ್ಟೆಯ ಸಂದಿಯಿಂದ ಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು. ಮಾಮಾ ಎಬೆಲೆ ಮಾತ್ರ ಏಳಲಿಲ್ಲ. ಪಕ್ಕದವನು ಭೂತಗನ್ನಡಿಯನ್ನು ಮತ್ತೆ ಸಿಕ್ಕಿಸಿಕೊಳ್ಳದೆ ಪರದೆಯನ್ನೇ ನೋಡುತ್ತಿರುವುದು ಅವಳಿಗೆ ಕಂಡಿತ್ತು. ಏನಾಯಿತಪ್ಪಾ ಎಂದಳು, ಈ ಸಲ ಕೀಟಲೆಯಿಲ್ಲದೆ.

“ಆ ನಾಲ್ಕು ಹಣ್ಣು ಎಲ್ಲಿ ಹೋಯ್ತು ಅಂತ ನಿನ್ನ ಕೇಳಿದ್ನಲ್ಲ,” ಎಂದ ಒಕೋಂಜಿ. “ನಾನು ತಿಂದಿದ್ದು, ಮಾಮಾ. ಅವ್ಳೇ ಕೊಟ್ಟಿದ್ದು. ನನ್ನ ಹೆಂಡ್ತಿ.”

ಇಡೀ ನದಿ ದಡಕ್ಕೆ ಉತ್ತರ ಕೊಡಬಲ್ಲ ಮಾಮಾ ಎಬೆಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಲ್ಲೇ ಕೂತಳು.

ಪರದೆಯ ಮೇಲೆ ಹೆಂಗಸು ಛತ್ರಿಯ ಹಿಂದೆ ನಿಂತೇ ಇದ್ದಳು. ಮುಖವಿಲ್ಲ. ತಲೆಯ ಮೇಲೆ ಗೆಡ್ಡೆ. ಎಣಿಸುವ ಚಾಳಿ ಬಿಡದೆ ಒಕೋಂಜಿ ಎಣಿಸಿದ: ಹನ್ನೊಂದು. ಅವು ಇನ್ನು ಎಂದಿಗೂ ಕಡಿಮೆಯಾಗುವುದಿಲ್ಲ. ಆ ರಾಜ್ಯದಲ್ಲಿ ಉಡಾರಾ ಹಣ್ಣೇ ಇಲ್ಲ, ಮಾವಿನ ಮರದ ಕೆಳಗೆ ಯಾರೂ ಕೂರಲಿಲ್ಲ, ಯಾರಿಗೂ ಹಸಿವಾಗಿರಲಿಲ್ಲ. ಅವನು ಅವಳ ಹೆಸರನ್ನು ಒಂದು ಸಲ ಹೇಳಬೇಕೆಂದು ನೋಡಿದ. ತುಟಿ ಬಿಡಲಿಲ್ಲ. ತೋಳಿನಿಂದ ಉಜ್ಜಿಕೊಂಡ, ಮತ್ತೆ ಉಜ್ಜಿಕೊಂಡ.